ಒಂದು ಕುದಿ ಹೆಚ್ಚು

ಟಿವಿಯಲ್ಲಿ ಯಾರೋ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರು. ಚುರ್ ಎಂದು ಸದ್ದಾಯಿತು, ಹಬೆ ಎದ್ದಿತು, ತೀರ್ಪುಗಾರರಿಬ್ಬರು ಕಣ್ಣು ಮುಚ್ಚಿ ಉಸಿರು ಎಳೆದುಕೊಂಡರು. ಅದೇ ಹೊತ್ತಿಗೆ ನಾನೂ ಒಳಗೆ ಪುಂಡಿಸೊಪ್ಪಿನ ಪಲ್ಯಕ್ಕೆ ಬೆಳ್ಳುಳ್ಳಿ ಹಾಕಿದ್ದೆ. ಘಮ ಮನೆಯೆಲ್ಲ ತುಂಬಿತು. ಸೋಫಾದ ಮೇಲೆ ಕೂತಿದ್ದ ಮಗಳು, "ಆಹಾ, ಏನ್ ವಾಸನಿ ಅದ" ಎಂದಳು. ಆಕೆ ಹೇಳಿದ್ದು ಟಿವಿಗೆ.

ಘಮ ನನ್ನ ಒಲೆಯದು ಎಂದು ಅನ್ನಬಹುದಿತ್ತು. ಅನ್ನುವಷ್ಟು ತ್ರಾಣ ಆ ಹೊತ್ತಿಗೆ ನನ್ನಲ್ಲಿ ಉಳಿದಿರುವುದಿಲ್ಲ. ಶಾಲೆಯಲ್ಲಿ ದಿನವಿಡೀ ಗಣಿತ ಹೇಳಿ ಬಂದು, ಸೆರಗು ಸಿಕ್ಕಿಸಿ ರೊಟ್ಟಿಗೆ ಕೂತರೆ ಕೈ ತನ್ನಷ್ಟಕ್ಕೆ ಬಡಿಯುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ಇವರೂ ಮಗಳೂ ಅಡುಗೆ ಸ್ಪರ್ಧೆ ನೋಡುತ್ತಲೇ ಉಣ್ಣುತ್ತಾರೆ. ಯಾರದೋ ಸಾರು ನೀರಾಯಿತು, ಯಾರದೋ ತಟ್ಟೆಯ ಅಲಂಕಾರ ಸರಿಯಿಲ್ಲ ಎಂದು ಇಬ್ಬರೂ ವಾದ ಮಾಡುತ್ತಾರೆ. ತಮ್ಮ ತಾಟಿನಲ್ಲಿ ಏನಿದೆ ಎಂದು ಕೇಳಿದರೆ ಬಗ್ಗಿ ನೋಡಿ ಹೇಳಬೇಕು. ದಿನಾ ಸಾಯುವವರಿಗೆ ಅಳುವವರು ಯಾರು ಅಂತಾರಲ್ಲ, ಹಾಗೆಯೇ ದಿನಾ ಉಣ್ಣುವ ಅಡುಗೆಗೆ ಭೇಷ್ ಎನ್ನುವವರು ಯಾರು.

ಆ ಬೆಳ್ಳುಳ್ಳಿಯ ವಾಸನೆಗೆ ಎದುರುಮನೆಯ ಅಕ್ಕ ನೆನಪಾದಳು. ಇಂಥ ಕಾರ್ಯಕ್ರಮವೊಂದಕ್ಕೆ ಹೋಗಿ ಬಂದವಳು ಆಕೆ. ಈಗ ಆಕೆ ಇಲ್ಲ...

ನಾನು ಮದುವೆಯಾಗಿ ಖೂಬಾ ಪ್ಲಾಟಿನ ಈ ಗಲ್ಲಿಗೆ ಬಂದಾಗ ಮೊದಲು ಮಾತಾಡಿಸಿದವಳೇ ಆಕೆ. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವಳು. ನನ್ನನ್ನು ತಂಗಿ ಅನ್ನುತ್ತಿದ್ದಳು. ಆಕೆಯ ಗಂಡನಿಗೆ ನೆಹರು ಗಂಜ್‌ನಲ್ಲಿ ತೊಗರಿಬೇಳೆಯ ಅಂಗಡಿ ಇತ್ತು, ಹಾಗಾಗಿ ಗಲ್ಲಿಯವರೆಲ್ಲ ಅವರನ್ನು ಸಾವ್ಕಾರ್ರು ಅನ್ನುತ್ತಿದ್ದರು. ಮನೆಯಲ್ಲಿ ಸಾವ್ಕಾರ್ರ ತಂದೆ ಇದ್ದರು, ಅವರು ಎಲ್ಲರಿಗೂ ಮುತ್ಯಾ. ಅಕ್ಕನಿಗೆ ಮಕ್ಕಳಾಗಲಿಲ್ಲ. ಆದರೆ ಆ ಮನೆಯಲ್ಲಿ ಊಟಕ್ಕೆ ನಾಲ್ಕೈದು ಜನ ಇಲ್ಲದ ದಿನವೇ ಇರಲಿಲ್ಲ. ಗಂಜ್ ಪೇಟೆಗೆ ತೊಗರಿ ತಂದ ರೈತರು, ಅಂಗಡಿಯ ಹಮಾಲರು, ಊರಿನ ಬೀಗರು, ಯಾರಾದರೂ ಇದ್ದೇ ಇರುತ್ತಿದ್ದರು.

ಆ ಮನೆಯ ಊಟವನ್ನು ಮೊದಲ ಸಲ ಕಂಡಾಗ ನನಗೆ ಯಾರೋ ತೀರಿಕೊಂಡಿದ್ದಾರೇನೋ ಅನಿಸಿತ್ತು. ಅಷ್ಟು ಸುಮ್ಮನೆ ಉಣ್ಣುತ್ತಿದ್ದರು. ಮುತ್ಯಾ ಲಿಂಗಪೂಜೆ ಮುಗಿಸಿ ಬಂದು ಕೂರುವರು, ಅವರ ಜೊತೆಗೆ ಉಳಿದವರು. ಬೇಕಾದ್ದನ್ನು ಕೈಸನ್ನೆಯಲ್ಲೇ ಕೇಳಬೇಕು. ಉಂಡಾದ ಮೇಲೆ ಪ್ರತಿಯೊಬ್ಬರೂ ತಾಟಿಗೆ ನೀರು ಹಾಕಿ, ಬೆರಳಿಂದ ತೊಳೆದು, ಆ ನೀರನ್ನು ಕುಡಿದು ಏಳುವರು. ತಾಟಿನಲ್ಲಿ ಒಂದು ಅಗುಳು ಉಳಿಯುತ್ತಿರಲಿಲ್ಲ. ಚಲೋ ಆಗಿದೆ ಎನ್ನುವಂತಿಲ್ಲ, ಕೆಟ್ಟಿದೆ ಎನ್ನುವಂತೆಯೂ ಇಲ್ಲ. ಒಮ್ಮೆ ನಾನು ಹೊಸಬಳ ಉತ್ಸಾಹದಲ್ಲಿ, ಪಲ್ಯ ಬಹಳ ರುಚಿಯಾಗಿದೆ ಎಂದು ಹೊಗಳಿದಾಗ ಮುತ್ಯಾ ಮೆಲ್ಲಗೆ ತಿದ್ದಿದರು.

"ಪ್ರಸಾದಕ್ಕ ಹೆಸರಿಡಬಾರದವ್ವ. ಚಲೋ ಅಂದ್ರೂ ಹೆಸರಿಟ್ಟಂಗೇ. ಹೆಸರಿಟ್ಟ್ರ ಪ್ರಸಾದ ಹೋಗಿ ಬರೇ ಅಡಗಿ ಆಗ್ತದ."

ಮಾತು ದೊಡ್ಡದೇ. ಕೇಳಲು ಚೆಂದವೂ ಹೌದು. ಆದರೆ ಅದನ್ನು ಮಾಡಿ ಹಾಕುವವರು ಬಾಗಿಲ ಸಂದಿಯಲ್ಲಿ ನಿಂತಿರುತ್ತಾರೆ ಎಂಬುದು ಉಂಡು ಏಳುವವರಿಗೆ ಕಾಣುವುದಿಲ್ಲ. ಅಕ್ಕನ ತವರು ಕಮಲಾಪುರ. ಅಲ್ಲಿ ಅವರದು ಕೆಂಪು ಬಾಳೆಯ ತೋಟ. ಒಮ್ಮೆ ಎಳ್ಳಮಾಸಿ ಹಬ್ಬಕ್ಕೆ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಹೊಲದಲ್ಲಿ ಕೂತು ಸೊಪ್ಪು ಕಾಳಿನ ಭಜ್ಜಿ, ಸಜ್ಜೆ ರೊಟ್ಟಿ, ಕಡಬು ಉಣ್ಣುವಾಗ ಆಕೆಯ ಅಪ್ಪ ತುತ್ತಿಗೊಮ್ಮೆ ಭೇಷ್ ಎನ್ನುತ್ತಿದ್ದರು. ಒಬ್ಬರು ಉಪ್ಪು ಸಾಲದು ಎಂದರೆ ಇನ್ನೊಬ್ಬರು ನಿನ್ನ ನಾಲಿಗೆ ಸರಿಯಿಲ್ಲ ಎನ್ನುವರು. ಆಕೆಯ ಅವ್ವನ ಕೈಯ ಖಾರದ ಮೇಲೆ ಅಲ್ಲಿ ಜಗಳವೇ ನಡೆಯಿತು. ಅಕ್ಕ ನಗುತ್ತಾ ಎಲ್ಲರ ನಡುವೆ ಓಡಾಡಿದಳು. ಖೂಬಾ ಪ್ಲಾಟಿನಲ್ಲಿ ನಾನು ಆಕೆಯನ್ನು ಹಾಗೆ ನೋಡಿರಲಿಲ್ಲ.

ಅಂಥ ಮನೆಯಿಂದ ಇಂಥ ಮನೆಗೆ ಬಂದವಳು. ಬಡಿಸಿದರು, ಉಂಡರು, ತೊಳೆದು ಕುಡಿದರು, ಎದ್ದರು. ವರ್ಷಗಟ್ಟಲೆ ಇದೇ.

ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಆಕೆ ಟಿವಿ ಹಾಕಿಕೊಂಡು ಒಬ್ಬಳೇ ಉಣ್ಣುತ್ತಿದ್ದಳು. ನೋಡುತ್ತಿದ್ದುದು ಇಂಥ ಸ್ಪರ್ಧೆಗಳನ್ನೇ. ರಜೆಯ ದಿನ ನಾನೂ ಹೋಗಿ ಕೂರುತ್ತಿದ್ದೆ. ಅಡುಗೆ ಮಾಡುವಾಗ ಆಕೆ ಅಷ್ಟಾಗಿ ನೋಡುತ್ತಿರಲಿಲ್ಲ. ತೀರ್ಪುಗಾರರು ಚಮಚ ಬಾಯಿಗಿಟ್ಟಾಗ ಮಾತ್ರ ಕೈಯಲ್ಲಿನ ತುತ್ತು ಹಾಗೆಯೇ ಹಿಡಿದು ಮುಂದಕ್ಕೆ ಬಾಗುತ್ತಿದ್ದಳು.

ಆ ವರ್ಷ ಒಂದು ಚಾನೆಲ್ಲಿನವರು ನಮ್ಮ ಊರಲ್ಲೇ ಒಂದು ಸುತ್ತು ಚಿತ್ರೀಕರಿಸುತ್ತಾರೆಂದು ಸುದ್ದಿ ಬಂತು. ಶರಣಸಿರಸಗಿ ಕಡೆಯ ಹೊಸ ಲೇಔಟಿನಲ್ಲಿನ ಒಂದು ಕಲ್ಯಾಣ ಮಂಟಪದಲ್ಲಿ. ನಾನು ಸುಮ್ಮನೆ ತಮಾಷೆಗೆ, ನೀನು ಹೋಗಕ್ಕಾ ಎಂದೆ. ಆಕೆ ತಮಾಷೆ ಮಾಡಲಿಲ್ಲ.

"ಹೆಸರು ಕೊಡು ತಂಗಿ," ಎಂದಳು. "ಅಲ್ಲಿ ಬಾಯಿ ಬಿಟ್ಟು ಹೇಳ್ತಾರಲ್ಲ. ಒಂದ ಸಲ ಕೇಳಬೇಕು. ಕೆಟ್ಟ ಆಗ್ಯಾದ ಅಂದ್ರೂ ನಡೀತದ."

ಗೆಲ್ಲುವ ಆಸೆ ಆಕೆಗೆ ಎಳ್ಳಷ್ಟೂ ಇರಲಿಲ್ಲ. ತಾನು ಇಷ್ಟು ವರ್ಷ ಮಾಡಿದ್ದು ಹೇಗಿದೆ ಎಂದು ಒಂದು ಬಾಯಿಂದ ಕೇಳಬೇಕು, ಅಷ್ಟೆ. ಮುತ್ಯಾ ಅಡ್ಡ ಬರುತ್ತಾರೆಂದು ನಾವು ಹೆದರಿದ್ದೆವು. ಅವರು, ಮಂದಿಗೆ ಉಣ್ಣಿಸುವುದಕ್ಕೆ ಕೇಳುವುದೇನು, ಹೋಗಿ ಬಾ ಎಂದುಬಿಟ್ಟರು. ಸ್ಪರ್ಧೆ ಎಂದರೇನೆಂದು ಅವರಿಗೆ ತಿಳಿದಿತ್ತೋ ಇಲ್ಲವೋ. ಸಾವ್ಕಾರ್ರು ಗಂಜಿನಿಂದ ಒಳ್ಳೆಯ ಬೇಳೆ ಆರಿಸಿ ಕಳಿಸಿದರು.

ಜೊತೆಗೆ ನಾನು ಹೋದೆ. ಕಲ್ಯಾಣ ಮಂಟಪದ ತುಂಬ ದೀಪಗಳು, ವೈರುಗಳು. ಮದುಮಕ್ಕಳು ಕೂರುವ ವೇದಿಕೆಯ ಮೇಲೆ ಗ್ಯಾಸ್ ಒಲೆಗಳು. ಸ್ಪರ್ಧಿಗಳನ್ನು ಇಬ್ಬಿಬ್ಬರಂತೆ ಜೋಡಿ ಮಾಡಿದರು. ಅಕ್ಕನ ಜೋಡಿಗೆ ಬಂದವಳು ಒಬ್ಬ ಹುಡುಗಿ, ಕಾಲೇಜು ಮುಗಿಸಿದವಳಂತೆ ಕಾಣುತ್ತಿದ್ದಳು. ಆಕೆ ಸಜ್ಜೆ ರೊಟ್ಟಿಯ ಮೇಲೆ ಚೀಸು ಹರಡಿ ಅದಕ್ಕೊಂದು ಇಂಗ್ಲಿಷ್ ಹೆಸರಿಟ್ಟಳು. ಅಕ್ಕ ಮಾಡಿದ್ದು ದಿನಾ ಮಾಡುವುದನ್ನೇ. ಬಿಳಿ ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆ. ಒಂದು ತಟ್ಟೆ ಮಾಡಿ ಎಂದಿದ್ದರೆ ಆಕೆ ದೊಡ್ಡ ಪಾತ್ರೆಯಲ್ಲೇ ಮಾಡಿದ್ದಳು. ಒಬ್ಬರಿಗೆಂದು ಅಡುಗೆ ಮಾಡುವುದು ಆಕೆಗೆ ಗೊತ್ತೇ ಇರಲಿಲ್ಲ.

ತೀರ್ಪಿಗೆ ಮೊದಲು ಒಂದು ಆಟ ಇತ್ತು. ಜೋಡಿಯವರು ತಟ್ಟೆ ಅದಲು ಬದಲು ಮಾಡಿಕೊಂಡು, ಒಬ್ಬರದನ್ನು ಇನ್ನೊಬ್ಬರು ರುಚಿ ನೋಡಿ, ಒಂದು ಕುಂದು ಹೇಳಬೇಕು. ಆಮೇಲೆ ಅದೇ ತಟ್ಟೆ ತೀರ್ಪುಗಾರರ ಮುಂದೆ ಹೋಗಬೇಕು. ಹುಡುಗಿ ಅಕ್ಕನ ಪಲ್ಯವನ್ನು ಚಮಚದ ತುದಿಯಲ್ಲಿ ಮುಟ್ಟಿ, ನೋಡಲು ಆಕರ್ಷಕವಾಗಿಲ್ಲ ಎಂದಳು. ಸರಿ, ಪುಂಡಿಪಲ್ಯ ನೋಡಲು ಆಕರ್ಷಕ ಎಂದು ಯಾರು ಹೇಳಿದ್ದರು.

ಅಕ್ಕನ ಸರದಿ. ಆಕೆ ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು, ಹಣೆಗೆ ಮುಟ್ಟಿಸಿದಳು. ಕೂರಲು ಕುರ್ಚಿ ಇರಲಿಲ್ಲ, ವೇದಿಕೆಯ ಅಂಚಿಗೆ ಚಕ್ಕಳಮಕ್ಕಳ ಹಾಕಿ ಕೂತಳು. ಒಂದು ತುತ್ತು ತಿಂದಳು. ಇನ್ನೊಂದು ತಿಂದಳು. ನಿರೂಪಕಿ ಮೈಕು ಹಿಡಿದು ಕಾಯುತ್ತಿದ್ದಳು. ಅಕ್ಕ ತಲೆ ಎತ್ತಲಿಲ್ಲ. ಇಡೀ ತಟ್ಟೆ ಉಂಡು ಮುಗಿಸಿ, ಪಕ್ಕದಲ್ಲಿದ್ದ ಬಾಟಲಿಯಿಂದ ನೀರು ಹಾಕಿ, ಚೀಸು ಅಂಟಿದ್ದನ್ನು ಬೆರಳಿಂದ ಬಿಡಿಸಿ, ತೊಳೆದು ಕುಡಿದಳು. ತೀರ್ಪುಗಾರರಿಗೆ ಎಂದು ಇಟ್ಟಿದ್ದ ತಟ್ಟೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಮಂಟಪದಲ್ಲಿ ನಗೆ ಎದ್ದಿತು. ಕ್ಯಾಮೆರಾದವರೂ ನಕ್ಕರು. ಹುಡುಗಿಯ ಕಣ್ಣಲ್ಲಿ ನೀರು ಬಂದಿತ್ತು. ನಿರೂಪಕಿ, "ಮೇಡಂ, ಒಂದು ಚಮಚ ಸಾಕಿತ್ತಲ್ವಾ?" ಎಂದಳು.

"ತಾಟಿನಾಗ ಹ್ಯಾಂಗ ಬಿಡ್ಲಿರಿ?" ಎಂದಳು ಅಕ್ಕ.

"ಹೋಗ್ಲಿ, ಏನು ಕಮ್ಮಿಯಿತ್ತು ಹೇಳಿ."

ಅಕ್ಕ ಒದ್ದೆ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ತಾನು ಒಂದು ಮಾತು ಕೇಳಲಿಕ್ಕೆಂದೇ ಅಷ್ಟು ದೂರ ಬಂದವಳು, ಇನ್ನೊಬ್ಬರ ಅಡುಗೆಗೆ ಒಂದು ಮಾತು ಹೇಳು ಎಂದರೆ ಬಾಯಿ ಬರಲಿಲ್ಲ. ಕೊನೆಗೆ, "ಏನೂ ಕಮ್ಮಿ ಇಲ್ಲರಿ. ಹಸಿವಿ ಆಗಿತ್ತು, ಉಂಡೆ," ಎಂದಳು. ಮತ್ತೆ ನಗೆ. ನನಗೆ ಎದ್ದು ಹೋಗಿ ಆಕೆಯ ಕೈ ಹಿಡಿದು ಮನೆಗೆ ಕರೆದುಕೊಂಡು ಬರಬೇಕು ಅನಿಸಿತು. ಹುಡುಗಿ ಪಾಪ ಉಳಿದಿದ್ದರಲ್ಲಿ ಇನ್ನೊಂದು ತಟ್ಟೆ ಜೋಡಿಸಿದಳು.

ತೀರ್ಪುಗಾರರಲ್ಲಿ ಒಬ್ಬರು ವಯಸ್ಸಾದವರು, ದಪ್ಪ ಮೀಸೆಯವರು. ಅವರು ಅಕ್ಕನ ತಟ್ಟೆಯ ಮುಂದೆ ಬಂದರು. ಚಮಚ ಪಕ್ಕಕ್ಕಿಟ್ಟು ರೊಟ್ಟಿ ಮುರಿದರು. ಪಲ್ಯ ಉಂಡರು. ಬೇಳೆಯನ್ನು ಎರಡು ಸಲ ಹಾಕಿಕೊಂಡರು. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದಳು.

"ಅಮ್ಮಾ, ಪುಂಡಿಯ ಹುಳಿ ಹದವಾಗಿ ನಿಂತಿದೆ. ಬೇಳೆ ಮಾತ್ರ ಒಂದು ಕುದಿ ಹೆಚ್ಚಾಯ್ತು. ಆದ್ರೂ ನಾನು ಪೂರ್ತಿ ಊಟ ಮಾಡ್ತೀನಿ," ಎಂದರು ಅವರು. ಹಾಗೆಯೇ ಮಾಡಿದರು.

ಆಕೆ ಮುಂದಿನ ಸುತ್ತಿಗೆ ಆಯ್ಕೆಯಾಗಲಿಲ್ಲ. ಕುಂದು ಹೇಳದ್ದಕ್ಕೆ ಅಂಕ ಹೋಗಿತ್ತು. ಪಾತ್ರೆಯಲ್ಲಿ ಉಳಿದಿದ್ದನ್ನು ದೀಪದ ಹುಡುಗರಿಗೆ, ಡ್ರೈವರುಗಳಿಗೆ ಬಡಿಸಿ, ತನ್ನೆದುರು ಗೆದ್ದ ಆ ಹುಡುಗಿಗೂ ಒಂದು ರೊಟ್ಟಿ ತಿನ್ನಿಸಿ ಹೊರಟಳು. ಆಟೋದಲ್ಲಿ ಬರುವಾಗ ನಾನು ಸಮಾಧಾನ ಹೇಳಬೇಕೆಂದಿದ್ದೆ. ನೋಡಿದರೆ ಆಕೆ ಒಳಗೊಳಗೇ ನಗುತ್ತಿದ್ದಳು.

"ಒಂದ ಕುದಿ ಹೆಚ್ಚಾತಂತ. ಖರೆ ಅದ ತಂಗಿ. ಆ ಗ್ಯಾಸಿನ ಉರಿ ನನ್ನ ಕೈಗೆ ಸಿಗಲಿಲ್ಲ. ನಾ ಇಳಿಸೋದ್ರಾಗ ಕುದ್ದು ಬಿಡ್ತು. ಅವ್ರಿಗಿ ತಿಳೀತು ನೋಡು."

ಹುಳಿ ಹದವಾಗಿದೆ ಎಂದದ್ದಕ್ಕಿಂತ ಆಕೆಗೆ ಖುಷಿ ಕೊಟ್ಟದ್ದು ಈ ಕುಂದು. ಆಗ ನನಗೆ ಇದು ಅರ್ಥವಾಗಿರಲಿಲ್ಲ. ತನ್ನ ಕೈಯ ಅಡುಗೆಯನ್ನು ತನ್ನಷ್ಟೇ ಗಮನ ಕೊಟ್ಟು ಉಂಡವರು ಒಬ್ಬರು ಸಿಕ್ಕಿದ್ದರು. ಅಷ್ಟು ವರ್ಷಗಳಲ್ಲಿ ಒಬ್ಬರು.

ಕಾರ್ಯಕ್ರಮ ಟಿವಿಯಲ್ಲಿ ಬರುವ ದಿನ ಎದುರುಮನೆಯ ಹಾಲಿನಲ್ಲಿ ಜಾಗ ಇರಲಿಲ್ಲ. ಕಮಲಾಪುರದಿಂದ ಆಕೆಯ ಅಣ್ಣ ಅತ್ತಿಗೆ ಬಾಳೆಗೊನೆ ಸಮೇತ ಬಂದಿದ್ದರು. ಮುತ್ಯಾ ಕುರ್ಚಿಯಲ್ಲಿ, ಸಾವ್ಕಾರ್ರು ಅಂಗಡಿ ಬೇಗ ಮುಚ್ಚಿ ಬಂದು ಬಾಗಿಲ ಬಳಿ. ಅಕ್ಕ ಎಲ್ಲರಿಗೂ ಚಹಾ ಕೊಟ್ಟು ಮುಗಿಸಿ, ಟಿವಿಗೆ ಹತ್ತಿರ ನೆಲದ ಮೇಲೆ ಕೂತಳು. ಸಾವ್ಕಾರ್ರನ್ನು ಒಮ್ಮೆ ತಿರುಗಿ ನೋಡಿದಳು. ಆಕೆ ಏನನ್ನು ಕಾಯುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಮನೆಯವರು ಹೇಳದಿದ್ದರೆ ಬೇಡ, ಹೊರಗಿನವರು ಹೇಳಿದ್ದನ್ನಾದರೂ ಮನೆಯವರು ಕೇಳಲಿ.

ಅಕ್ಕ ತಟ್ಟೆ ಹಣೆಗೆ ಒತ್ತಿಕೊಂಡದ್ದು ಬಂತು. ಉಂಡದ್ದು ಬಂತು. ನೀರು ಹಾಕಿ ತೊಳೆದದ್ದು ಬಂತು, ಅದನ್ನು ಎರಡು ಮೂರು ಸಲ ತಿರುಗಿಸಿ ತೋರಿಸಿದರು. ಕುಡಿಯುವಾಗ ಗಟಗಟ ಎಂಬ ಸದ್ದು ಸೇರಿಸಿದ್ದರು, ಹಿಂದೆ ಯಾವುದೋ ಪೀಪಿ ಊದಿದ ಹಾಗೆ ಸಂಗೀತ. ಹಸಿವೆಯಾಗಿತ್ತು, ಉಂಡೆ ಎಂದಾಗ ಜನರೆಲ್ಲ ಬಿದ್ದು ಬಿದ್ದು ನಗುವುದು. ಅಲ್ಲಿಗೆ ಜಾಹೀರಾತು. ಜಾಹೀರಾತು ಮುಗಿದಾಗ ಬೇರೆ ಜೋಡಿ ಅಡುಗೆ ಮಾಡುತ್ತಿತ್ತು. ಮೀಸೆಯವರು ಅಕ್ಕನ ತಟ್ಟೆಯ ಮುಂದೆ ನಿಂತದ್ದು ಬರಲೇ ಇಲ್ಲ.

ಕಮಲಾಪುರದ ಅಣ್ಣ ಚಾನೆಲ್ಲಿನವರ ಮನೆ ಹಾಳಾಗಲಿ ಎಂದು ಬೈದರು. ನಾನು ದನಿ ಎತ್ತರಿಸಿ, ಅವರು ಹೀಗಂದರು, ಬೇಳೆ ಎರಡು ಸಲ ಹಾಕಿಕೊಂಡು ಪೂರ್ತಿ ಉಂಡರು, ನಾನೇ ಕೇಳಿದ್ದೇನೆ ಎಂದು ಹೇಳಿದೆ. ಹೇಳಿ ಏನು ಬಂತು. ಮದುವೆಗೆ ಹೋಗದವರಿಗೆ ಊಟದ ವರ್ಣನೆ ಮಾಡಿದಂತಾಯಿತು. ಸಾವ್ಕಾರ್ರು ನೆಲ ನೋಡುತ್ತಿದ್ದರು. ಆಗ ಮುತ್ಯಾ ಬಾಯಿ ತೆರೆದರು.

"ಅಷ್ಟ ಮಂದ್ಯಾಗ ತಾಟು ತೊಳದು ಕುಡಿದಾಳ. ಮನಿ ರೀತಿ ಬಿಟ್ಟಿಲ್ಲ. ಶಾಬಾಸ್."

ಆ ಮನೆಯಲ್ಲಿ ಆಕೆಗೆ ಸಿಕ್ಕ ಮೊದಲ ಶಾಬಾಸ್ ಅದು. ಆಕೆ ತಲೆ ಬಗ್ಗಿಸಿ ಕೇಳಿಸಿಕೊಂಡಳು. ಎದ್ದು, ಖಾಲಿ ಕಪ್ಪುಗಳನ್ನು ಆರಿಸಿಕೊಂಡು ಒಳಗೆ ಹೋದಳು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ...

ಆಮೇಲೆ ಕೆಲವು ತಿಂಗಳು ಆಕೆ ನನ್ನ ಮನೆಗೆ ಬಟ್ಟಲು ತರುತ್ತಿದ್ದಳು. ಉಂಡು ಹೇಳು ಎನ್ನುವಳು. ನಾನು ಚಲೋ ಆಗಿದೆ ಎಂದರೆ ಆಕೆಗೆ ಸಾಲದು. "ಎಲ್ಲಾ ಚಲೋ ಅಂದ್ರ ಏನ ಕೇಳೋದು ತಂಗಿ? ನಿನ್ನ ಶಾಲಿ ಹುಡುಗ್ರಿಗೂ ಹಿಂಗೇ ನಂಬರ ಹಾಕ್ತಿ ಏನು?" ಎಂದು ನಗುವಳು. ನಿಜ ಹೇಳಬೇಕೆಂದರೆ ನನಗೆ ಆ ಬಟ್ಟಲು ಒಂದು ಉಪಕಾರ. ಅಂದಿನ ಪಲ್ಯ ಮಾಡುವುದು ತಪ್ಪುತ್ತಿತ್ತು. ದಣಿದವರ ನಾಲಿಗೆಗೆ ಯಾರೋ ಮಾಡಿದ ಅಡುಗೆ ಎಲ್ಲವೂ ಅಮೃತವೇ.

ಮುತ್ಯಾ ತೀರಿಕೊಂಡರು. ಅದಾದ ಮೇಲೆ ಅಕ್ಕನಿಗೆ ಕಾಯಿಲೆ ಬಂತು, ಕ್ಯಾನ್ಸರ್. ಔಷಧಿಯ ಕಾವಿಗೆ ಕೂದಲು ಹೋಯಿತು, ನಾಲಿಗೆಯ ರುಚಿ ಹೋಯಿತು. ಬೆಲ್ಲವೂ ಮಣ್ಣು, ಉಪ್ಪೂ ಮಣ್ಣು ಎನ್ನುತ್ತಿದ್ದಳು. ಒಲೆಯ ಮುಂದೆ ನಿಲ್ಲಲು ಆಗದಾದಾಗ ಸಾವ್ಕಾರ್ರು ಅಂಗಡಿಯನ್ನು ತಮ್ಮನ ಮಗನಿಗೆ ಬಿಟ್ಟು ಅಡುಗೆಮನೆಗೆ ಬಂದರು. ಗಂಜಿನಲ್ಲಿ ಮುಟ್ಟಿ ನೋಡಿ ಬೇಳೆಯ ಜಾತಿ ಹೇಳುವವರು, ಅದಕ್ಕೆ ಎಷ್ಟು ನೀರು ಹಾಕಬೇಕೆಂದು ನನ್ನ ಬಾಗಿಲಿಗೆ ಬಂದು ಕೇಳಿದರು.

ಒಂದು ಭಾನುವಾರ ನಾನು ಅಲ್ಲಿದ್ದೆ. ಅವರು ಬೇಳೆಕಟ್ಟು ಕಲಸಿದ ಅನ್ನವನ್ನು ಅಕ್ಕನಿಗೆ ಕೊಟ್ಟು ಅಲ್ಲೇ ನಿಂತರು. ಹೋಗಲಿಲ್ಲ. ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ನಿಂತರು. ಆಕೆ ನಾಲ್ಕು ಚಮಚ ಉಂಡ ಮೇಲೆ ಕೇಳಿದರು.

"ಹ್ಯಾಂಗ ಆಗ್ಯಾದ?"

ನಾನು ತಲೆ ಎತ್ತಿ ನೋಡಿದೆ. ಆ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆ. ಅಕ್ಕ ಅವರ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು.

"ಉಪ್ಪು ಜರಾ ಮುಂದಾಗ್ಯಾದ. ನಾಳಿಗಿ ಕಮ್ಮಿ ಹಾಕ್ರಿ," ಎಂದಳು.

ಅವರು ಪರೀಕ್ಷೆಯಲ್ಲಿ ಪಾಸಾದ ಹುಡುಗನಂತೆ ತಲೆಯಾಡಿಸಿ ಒಳಗೆ ಹೋದರು. ನಿನಗೆ ರುಚಿ ತಿಳಿಯುತ್ತದೆಯೇನಕ್ಕಾ ಎಂದು ನಾನು ಮೆಲ್ಲಗೆ ಕೇಳಿದೆ. ಎಲ್ಲಿ ತಿಳೀತದ ತಂಗಿ, ಎಂದಳು. "ನಿಂತಿದ್ರು ನೋಡು, ಹ್ಯಾಂಗ ನಿಂತಿದ್ರು. ಬಾಗಲ ಸಂದ್ಯಾಗ ಹಂಗ ನಿಂತು ನಿಂತು ನನಗ ಗೊತ್ತದ. ಏನರೆ ಅನ್ನಬೇಕು." ಸಿಟ್ಟಿರಲಿಲ್ಲ ಆಕೆಯ ಮಾತಿನಲ್ಲಿ. ಇದ್ದದ್ದು ಆಯಾಸ, ಬರೀ ಆಯಾಸ.

ಈಗಲಾದರೂ ಅವರು ಹೇಳಿಯಾರು ಎಂದು ನಾನು ಕಾದೆ. ಆಕೆಯೂ ಕಾದಿರಬೇಕು. ಅವರು ದಿನಾ ಕೇಳುತ್ತಿದ್ದರು, ಆಕೆ ದಿನಾ ಏನಾದರೂ ಹೇಳುತ್ತಿದ್ದಳು, ಒಮ್ಮೆ ಖಾರ, ಒಮ್ಮೆ ನೀರು. ನಿನ್ನ ಕೈಯ ಊಟ ಚೆನ್ನಾಗಿತ್ತು ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಅದು ಅವರಿಗೆ ಹೊಳೆಯಲಿಲ್ಲವೋ, ತಂದೆಯ ಮಾತಿನ ಭಯವೋ, ಈಗ ಹೇಳಿದರೆ ಆಕೆ ಹೋಗಿಬಿಡುತ್ತಾಳೆ ಎಂಬ ಹೆದರಿಕೆಯೋ. ನಾನು ಬಲ್ಲೆನೆಂದು ಹೇಳಲಾರೆ. ಆಕೆ ಹೋದದ್ದು ಒಂದು ಮುಂಜಾನೆ, ಅವರು ಒಲೆ ಹಚ್ಚುತ್ತಿದ್ದಾಗ.

ಸಾವ್ಕಾರ್ರು ಅಡುಗೆ ಬಿಟ್ಟುಬಿಟ್ಟರು. ಈಗ ಎರಡು ಹೊತ್ತೂ ಖಾನಾವಳಿಯ ಡಬ್ಬಿ ಬರುತ್ತದೆ. ಭಾನುವಾರ ಮಾತ್ರ ನಾನು ಕರೆಯುತ್ತೇನೆ, ಬಂದು ಉಣ್ಣುತ್ತಾರೆ. ನಿನ್ನೆಯೂ ಬಂದಿದ್ದರು. ಇವರೂ ಮಗಳೂ ಟಿವಿಯ ಕಡೆ ಮುಖ ಮಾಡಿ ಕೂತಿದ್ದರು, ಯಾರೋ ಸ್ಪರ್ಧೆಯಿಂದ ಹೊರಗೆ ಹೋಗುವುದರಲ್ಲಿದ್ದರು. ಸಾವ್ಕಾರ್ರು ಟಿವಿಗೆ ಬೆನ್ನು ಮಾಡಿ ಉಣ್ಣುತ್ತಿದ್ದರು. ರೊಟ್ಟಿ ಹಾಕಲು ನಾನು ಬಗ್ಗಿದಾಗ ತಲೆ ಎತ್ತಿದರು.

"ಪಲ್ಯ ಭಾಳ ಚಲೋ ಆಗ್ಯಾದರಿ ಟೀಚರ."

ಅವರು ಈಗ ಎಲ್ಲರಿಗೂ ಹೀಗೆ ಹೇಳುತ್ತಾರೆ. ಖಾನಾವಳಿಯವಳಿಗೆ ಡಬ್ಬಿ ತಿರುಗಿ ಕೊಡುವಾಗ ಹೇಳುತ್ತಾರೆ, ಬಂಡಿಯ ಮೇಲೆ ಮಿರ್ಚಿ ಭಜಿ ಕರಿಯುವವನಿಗೂ ಹೇಳುತ್ತಾರೆ. ನನ್ನ ಮನೆಯಲ್ಲಿ ನನಗೆ ಇಷ್ಟು ವರ್ಷ ಯಾರೂ ಹೇಳದ ಮಾತು ಅದು, ಕೇಳಿ ಜೀವ ತಂಪಾಗಬೇಕಿತ್ತು. ಆಗುವುದಿಲ್ಲ. ಕೇಳಬೇಕಾದವಳು ಎದುರುಮನೆಯಲ್ಲಿ ಬಾಗಿಲ ಸಂದಿಯಲ್ಲಿ ನಿಂತು ಕಾದು, ಕೇಳದೆಯೇ ಹೋದಳು ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಅವರು ಹೇಳುತ್ತಾರೆ. ಆಕೆಯ ಪರವಾಗಿ ನಾನು ಹೂಂ ಎನ್ನುತ್ತೇನೆ.